ಹಳೆಯ ಕಾರಿನ ಹಿಂದಚ್ಚಿನ ಸದ್ದು

ಅಂಬಾಸಿಡರ್ ಕಾರಿನಲ್ಲಿ ಊರೂರು ತಿರುಗಿದವರಿಗೆ ಅದರ ಹಿಂದಿನ ಸೀಟಿನಡಿಯಿಂದ ಏಳುವ ಸದ್ದುಗಳು ಹೊಸತಲ್ಲ. ಆ ಸದ್ದುಗಳಿಗೆ ಎರಡು ಶತಮಾನದ ಇತಿಹಾಸವಿದೆ.

ಅಂಡಾಕಾರದ ಉಕ್ಕಿನ ಸ್ಪ್ರಿಂಗುಗಳ ಮೇಲೆ ಕುದುರೆಗಾಡಿಯನ್ನು ಕೂರಿಸುವ ವಿಧಾನಕ್ಕೆ ಇಂಗ್ಲೆಂಡಿನ ಒಬಡಯ ಎಲಿಯಟ್ 1804ರಲ್ಲಿ ಪೇಟೆಂಟ್ ಪಡೆದ. ತಿರುವಿನಲ್ಲಿ ಎರಡು ಚಕ್ರಗಳೂ ಬೇರೆ ಬೇರೆ ವೇಗದಲ್ಲಿ ಉರುಳಲು ನೆರವಾಗುವ ಡಿಫರೆನ್ಷಿಯಲ್ಲನ್ನು 1820ರ ದಶಕದಲ್ಲಿ ಫ್ರಾನ್ಸಿನ ಪೆಕೇರ್ ರೂಪಿಸಿದ. 1920ರ ದಶಕದಲ್ಲಿ ಅಮೆರಿಕದ ಪ್ಯಾಕಾರ್ಡ್ ಕಾರುಗಳಿಗೆ ‘ಹೈಪಾಯ್ಡ್’ ಹಲ್ಲುಚಕ್ರ ಬಂತು. ಇದರಲ್ಲಿ ಪಿನಿಯನ್, ಕ್ರೌನ್ ಚಕ್ರದ ನಡುವಿಗಿಂತ ಕೆಳಗೆ ಕೂರುತ್ತದೆ. ಸದ್ದು ಕಡಿಮೆಯಾಯಿತು, ಆದರೆ ಹಲ್ಲುಗಳು ಒಂದರ ಮೇಲೊಂದು ಜಾರುವುದರಿಂದ ಹೆಚ್ಚಿನ ಒತ್ತಡ ತಾಳುವ ವಿಶೇಷ ಎಣ್ಣೆ ಬೇಕಾಯಿತು.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಿಂದ ಮೂಡಿದ ಅಂಬಾಸಿಡರ್‌ಗೆ ಈ ಮೂರೂ ಬಳುವಳಿಯಾಗಿ ಬಂದವು. ಹಿಂದಿನ ಎರಡು ಚಕ್ರಗಳು ಒಂದೇ ಗಟ್ಟಿ ಅಚ್ಚಿನಲ್ಲಿರುತ್ತವೆ. ಅಚ್ಚು ಪಟ್ಟಿ ಸ್ಪ್ರಿಂಗಿಗೆ ಬಿಗಿದಿರುತ್ತದೆ. ಹೀಗಾಗಿ ಒಂದೆಡೆ ಹುಟ್ಟಿದ ಸದ್ದು ಮತ್ತೊಂದೆಡೆ ಕೇಳಿಸುತ್ತದೆ. ಅದಕ್ಕೇ ಪಳಗಿದ ಮೆಕ್ಯಾನಿಕ್ ಸದ್ದು ಎಲ್ಲಿ ಎಂದು ಕೇಳುವ ಮೊದಲು, ಯಾವಾಗ ಎಂದು ಕೇಳುತ್ತಾನೆ.

ಆಕ್ಸಿಲರೇಟರ್ ಒತ್ತಿದಾಗ ಒಂದು ಬಗೆ, ಬಿಟ್ಟಾಗ ಇನ್ನೊಂದು ಬಗೆ ಊಳಿಟ್ಟರೆ ಅನುಮಾನ ಕ್ರೌನ್-ಪಿನಿಯನ್ ಮೇಲೆ. ಆಕ್ಸಿಲರೇಟರ್ ಏನೇ ಇರಲಿ, ವೇಗದೊಂದಿಗೇ ಏರುವ ಗುಂಯ್‌ಗುಡಿಕೆ ಚಕ್ರದ ಬೇರಿಂಗಿನದಿರಬಹುದು. ರಸ್ತೆಯ ಮೈ ಬದಲಾದಂತೆ ಬದಲಾದರೆ ಅದು ಟೈರಿನದು. ಹೊರಡುವಾಗ ‘ಟಕ್’ ಎಂದರೆ ಯೂನಿವರ್ಸಲ್ ಜಾಯಿಂಟ್ ಸವೆದಿರಬಹುದು. ಗುಂಡಿಗೆ ಇಳಿದಾಗ ಕಿರುಗುಟ್ಟಿದರೆ ಪಟ್ಟಿಗಳು ಒಣಗಿವೆ. ‘ಧಡ್’ ಎಂದರೆ ರಬ್ಬರ್ ಬುಷ್ ಸವೆದಿದೆ, ಇಲ್ಲವೇ ಯು ಬೋಲ್ಟ್ ಸಡಿಲವಾಗಿದೆ.

ರಿಪೇರಿಯೂ ಇದೇ ಕ್ರಮದಲ್ಲಿ ನಡೆಯಬೇಕು: ಮೊದಲು ಟೈರು, ಬೋಲ್ಟು, ಬುಷ್, ಎಣ್ಣೆಯ ಮಟ್ಟ, ಕೊನೆಗೆ ಡಿಫರೆನ್ಷಿಯಲ್. ಕ್ರೌನ್ ಮತ್ತು ಪಿನಿಯನ್ ಕಾರ್ಖಾನೆಯಲ್ಲೇ ಜೋಡಿಯಾಗಿ ಹೊಂದಿಸಿದವು. ಒಂದನ್ನಷ್ಟೇ ಬದಲಿಸಿದರೆ ಊಳು ನಿಲ್ಲದು. ಶಿಮ್ ಎಂಬ ತೆಳು ಬಿಲ್ಲೆಗಳನ್ನಿಟ್ಟು ಹಲ್ಲುಗಳ ನಡುವಿನ ಅಂತರವನ್ನೂ ಸರಿಪಡಿಸಬೇಕು. ಅವಸರದಲ್ಲಿ ಬಿಚ್ಚಿದರೆ ಹಣ ಹೋಗುತ್ತದೆ, ಸದ್ದು ಉಳಿಯುತ್ತದೆ. ಬೇರಿಂಗಿನ ಗುಂಯ್‌ಗುಡಿಕೆಯನ್ನು ಕಡೆಗಣಿಸಿದರೆ ಓಡುವಾಗಲೇ ಚಕ್ರ ಸಿಕ್ಕಿಕೊಂಡು ಪ್ರಾಣಕ್ಕೇ ಸಂಚಕಾರ ಬರಬಹುದು.

ಪಶ್ಚಿಮ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ 2014ರಲ್ಲಿ ನಿಂತಿತು. ಉಳಿದ ಕಾರುಗಳ ಆಯುಷ್ಯ ಈಗ ಸ್ಪ್ಯಾನರಿಗಿಂತ ಹೆಚ್ಚಾಗಿ ಕಿವಿಯನ್ನು ನಂಬಿದೆ.