ರೇಡಾರ್ ತೆರೆಯ ಮಾಯಾಮೃಗಗಳು

ಕಣ್ಣು ಮೋಸಹೋದೀತು, ಯಂತ್ರ ಮೋಸಹೋಗದು ಎಂಬುದು ಇಪ್ಪತ್ತನೆಯ ಶತಮಾನವು ನಮಗೆ ಬಿಟ್ಟುಹೋದ ನಂಬಿಕೆಗಳಲ್ಲಿ ಒಂದು. ಆ ನಂಬಿಕೆಗೆ ಪೆಟ್ಟು ಬಿದ್ದ ಪ್ರಸಂಗವೊಂದನ್ನು ಇಂದು ನಿಮ್ಮ ಮುಂದಿಡಬೇಕೆಂದಿದ್ದೇನೆ.

1952ರ ಜುಲೈ 19ರ ರಾತ್ರಿ. ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ನ್ಯಾಷನಲ್ ವಿಮಾನ ನಿಲ್ದಾಣದಲ್ಲಿ ಎಡ್ವರ್ಡ್ ನ್ಯೂಜೆಂಟ್ ಎಂಬ ನಿಯಂತ್ರಕನು ರೇಡಾರಿನ ಮುಂದೆ ಕುಳಿತಿದ್ದ. ಗಂಟೆ 11-40ರ ಸುಮಾರಿಗೆ ತೆರೆಯ ಮೇಲೆ ಏಳು ಚುಕ್ಕೆಗಳು ಮೂಡಿದವು. ಆ ದಿಕ್ಕಿನಲ್ಲಿ ಯಾವ ವಿಮಾನವೂ ಇರತಕ್ಕದ್ದಲ್ಲ. ಅವನ ಮೇಲಧಿಕಾರಿ ಹ್ಯಾರಿ ಬಾರ್ನ್ಸ್ ಬಂದು ನೋಡಿದ. ಯಂತ್ರವನ್ನು ಪರೀಕ್ಷಿಸಿದರು, ದೋಷ ಕಾಣಲಿಲ್ಲ. ಸಮೀಪದ ಆ್ಯಂಡ್ರೂಸ್ ವಾಯುನೆಲೆಯಲ್ಲೂ ಚುಕ್ಕೆಗಳು ಕಂಡಿದ್ದವು. ಕೆಲವು ವೈಮಾನಿಕರಿಗೆ ಆಕಾಶದಲ್ಲಿ ಬೆಳಕುಗಳೂ ಕಂಡವು. ಯುದ್ಧವಿಮಾನಗಳು ಬಂದು ಹುಡುಕಿ ಬರಿಗೈಯಲ್ಲಿ ಮರಳಿದವು. ಮುಂದಿನ ಶನಿವಾರ, ಅಂದರೆ 26ರ ರಾತ್ರಿ, ಅದೇ ಕಥೆ ಮರುಕಳಿಸಿತು. ಹಾರುವ ತಟ್ಟೆಗಳು ರಾಜಧಾನಿಗೆ ಬಂದವೆಂದು ಪತ್ರಿಕೆಗಳು ಕೂಗೆಬ್ಬಿಸಿದವು.

ಜುಲೈ 29ರಂದು ವಾಯುಪಡೆಯ ಮೇಜರ್ ಜನರಲ್ ಜಾನ್ ಸ್ಯಾಂಫರ್ಡ್ ಪತ್ರಿಕಾಗೋಷ್ಠಿ ಕರೆದು, ಈ ಚುಕ್ಕೆಗಳಿಗೆ ಉಷ್ಣತೆಯ ವಿಲೋಮವು ಕಾರಣವಾಗಿರಬಹುದೆಂದರು. ಸಾಮಾನ್ಯವಾಗಿ ಮೇಲೇರಿದಂತೆ ಗಾಳಿ ತಣ್ಣಗಾಗುತ್ತದೆ. ಕೆಲವು ರಾತ್ರಿಗಳಲ್ಲಿ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರವೊಂದು ಹಾಸಿಕೊಳ್ಳುತ್ತದೆ. ಆಗ ರೇಡಾರಿನ ಅಲೆಗಳು ನೇರ ಹೋಗದೆ ಬಾಗಿ ನೆಲವನ್ನು ಮುಟ್ಟಿ ಮರಳುತ್ತವೆ. ನೆಲದ ವಸ್ತು ಆಕಾಶದ ವಸ್ತುವಾಗಿ ತೋರುತ್ತದೆ. ಆದರೆ ಅನುಭವಿ ಬಾರ್ನ್ಸನಿಗೆ ಈ ವಿವರಣೆ ಒಪ್ಪಿಗೆಯಾಗಲಿಲ್ಲ.

ನನ್ನ ಮನಸ್ಸನ್ನು ಸೆಳೆದದ್ದು ಆಮೇಲಿನ ಸಂಗತಿ. ನಾಗರಿಕ ವಿಮಾನಯಾನ ಆಡಳಿತದ ಬೋರ್ಡೆನ್ ಮತ್ತು ವಿಕರ್ಸ್ ಎಂಬಿಬ್ಬರು ಇಂಥ ಚುಕ್ಕೆಗಳನ್ನು ತಾವೇ ಕಾದು ನೋಡಿ, 1953ರಲ್ಲಿ ವರದಿ ಬರೆದರು. ಚುಕ್ಕೆಗಳು ಕಾಣಿಸಿದಾಗ ವಿಲೋಮವೂ ಇರುತ್ತಿತ್ತು. ಅನೇಕ ಚುಕ್ಕೆಗಳು ಮೇಲಿನ ಗಾಳಿಯ ದಿಕ್ಕಿನಲ್ಲೇ, ಗಾಳಿಯ ಸುಮಾರು ಎರಡರಷ್ಟು ವೇಗದಲ್ಲಿ ಚಲಿಸುತ್ತಿದ್ದವು. ಈ ಇಮ್ಮಡಿಯೇ ರಹಸ್ಯದ ಕೀಲಿಕೈ. ರೇಡಾರಿಗೂ ನೆಲದ ವಸ್ತುವಿಗೂ ನಡುವೆ ಗಾಳಿಯ ಪದರವು ಕನ್ನಡಿಯಂತೆ ನಿಂತಿದೆಯೆನ್ನಿ. ಕನ್ನಡಿ ಒಂದು ಗೇಣು ಸರಿದರೆ ಅದು ತೋರಿಸುವ ಜಾಗ ಎರಡು ಗೇಣು ಸರಿಯುತ್ತದೆ. ಎಲ್ಲ ಭ್ರಮೆಗಳಿಗೂ ಇದೊಂದೇ ಕಾರಣವಲ್ಲ. ಬ್ರಿಟನ್ನಿನಲ್ಲಿ 'ದೇವದೂತ'ರೆಂದು ಕರೆಸಿಕೊಂಡ ರೇಡಾರ್ ಚುಕ್ಕೆಗಳಲ್ಲಿ ಬಹಳಷ್ಟು ವಲಸೆ ಹಕ್ಕಿಗಳೆಂದು ಡೇವಿಡ್ ಲ್ಯಾಕ್ ಮೊದಲಾದ ಪಕ್ಷಿವಿಜ್ಞಾನಿಗಳು ತೋರಿಸಿಕೊಟ್ಟರು.

ಹಾಗಾದರೆ ಸಂಶಯದ ಚುಕ್ಕೆಯನ್ನು ಅಲಕ್ಷಿಸಿದರಾಯಿತೆ? 1941ರ ಡಿಸೆಂಬರ್ 7ರ ಬೆಳಿಗ್ಗೆ ಹವಾಯಿಯ ಒಪಾನಾ ಠಾಣೆಯ ರೇಡಾರಿನಲ್ಲಿ ದೊಡ್ಡದೊಂದು ಗುರುತು ಕಂಡಿತ್ತು. ನಮ್ಮವೇ ವಿಮಾನಗಳಿರಬೇಕು, ಚಿಂತಿಸಬೇಡಿರೆಂದು ಉತ್ತರ ಬಂತು. ಗಂಟೆಯೊಳಗೆ ಪರ್ಲ್ ಹಾರ್ಬರ್ ಉರಿಯುತ್ತಿತ್ತು. ಅಲ್ಲಿ ನಿಜವನ್ನು ಮಾಯೆಯೆಂದರು, ಇಲ್ಲಿ ಮಾಯೆಯನ್ನು ನಿಜವೆಂದರು.

ಇಂದು ವಿಮಾನವೇ ತನ್ನ ಗುರುತನ್ನೂ ಎತ್ತರವನ್ನೂ ತಿಳಿಸಿ ಉತ್ತರಿಸುವ ರೇಡಾರ್ ವ್ಯವಸ್ಥೆಯಿದೆ. ಆದರೂ ಹಕ್ಕಿ ಉತ್ತರಿಸದು, ಉಪಕರಣ ಕೆಟ್ಟ ವಿಮಾನವೂ ಉತ್ತರಿಸದು. ಆಗ ತೆರೆಯ ಮೇಲೆ ಉಳಿಯುವುದು ಹೆಸರಿಲ್ಲದ ಒಂದು ಚುಕ್ಕೆ ಮಾತ್ರ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡೆಂದರು ನಮ್ಮ ಹಿರಿಯರು. ಪ್ರಮಾಣಿಸಲು ನಿಯಂತ್ರಕನಿಗಿರುವುದು ಕೆಲವೇ ಕ್ಷಣಗಳು. ನೂರಾರು ಪ್ರಯಾಣಿಕರಿರುವ ವಿಮಾನವನ್ನು, ಇದ್ದೀತೋ ಇಲ್ಲವೋ ತಿಳಿಯದ ಆ ಚುಕ್ಕೆಯಿಂದ ಆತ ದೂರ ತಿರುಗಿಸುತ್ತಾನೆ. ಮರುದಿನ ಅದು ಬರಿಯ ಗಾಳಿಯೆಂದು ತಿಳಿದರೂ ಅವನನ್ನು ನಗುವ ಹಕ್ಕು ನಮಗಿಲ್ಲವೆಂದೇ ನಾನು ಭಾವಿಸುತ್ತೇನೆ.