ರವಿವಾರದ ಚಹವೂ ಗೆಳೆಯರ ಗುಂಪೂ

ಬರೆಯುವುದು ಒಬ್ಬರೇ ಕುಳಿತು ಮಾಡುವ ಕೆಲಸ. ಆದರೆ ಬರೆದದ್ದು ಬರಹವಾಗಬೇಕಾದರೆ ಅದಕ್ಕೆ ಮೊದಲು ಒಂದು ಕಿವಿ ಬೇಕು. ಅಚ್ಚಿನ ಮನೆಗೆ ಹೋಗುವ ಮುಂಚೆ, ಪಂಡಿತರ ಕೈಗೆ ಸಿಕ್ಕುವ ಮುಂಚೆ, ನಾಲ್ಕು ಜನ ಗೆಳೆಯರ ಎದುರು ಅದನ್ನು ಓದಿ ನೋಡಬೇಕು. ಅವರ ಮುಖ ಅರಳಿತೋ, ಬಾಡಿತೋ, ಇಲ್ಲ ಅವರು ಆಕಳಿಸಿದರೋ ಎಂಬುದರಲ್ಲಿಯೇ ಅರ್ಧ ವಿಮರ್ಶೆ ಮುಗಿದಿರುತ್ತದೆ. ಹೀಗೆ ಒಬ್ಬರದನ್ನೊಬ್ಬರು ಕೇಳುವುದಕ್ಕೆಂದೇ ಕೂಡಿದ ಎರಡು ಸಣ್ಣ ಬಳಗಗಳು ಇಪ್ಪತ್ತನೆಯ ಶತಮಾನದ ಮೂರನೆಯ ದಶಕದಲ್ಲಿ ಎರಡು ಭಾಷೆಗಳ ಕಾವ್ಯದ ದಾರಿಯನ್ನು ತಿದ್ದಿದವು. ಒಂದು ಧಾರವಾಡದ ಗೆಳೆಯರ ಗುಂಪು. ಇನ್ನೊಂದು ನಮ್ಮ ಈ ಪುಣೆಯ ರವಿಕಿರಣ ಮಂಡಳ. ಮೊದಲನೆಯದು 1922ರಲ್ಲಿ ಹುಟ್ಟಿತು, ಎರಡನೆಯದು 1923ರಲ್ಲಿ. ಗೆಳೆಯರ ಗುಂಪಿನ ಹೆಸರು ಕೇಳದ ಕನ್ನಡಿಗರು ವಿರಳ. ಆದರೆ ನಾವು ದಿನವೂ ತಿರುಗಾಡುವ ಬೀದಿಗಳಲ್ಲಿಯೇ ಬೆಳೆದ ರವಿಕಿರಣ ಮಂಡಳದ ವಿಷಯ ನಮ್ಮಲ್ಲಿ ಎಷ್ಟು ಜನರಿಗೆ ಗೊತ್ತು? ಎರಡನ್ನೂ ಜೊತೆಗಿಟ್ಟು ನೋಡುವುದು ಪುಣೆಯ ಕನ್ನಡಿಗರಾದ ನಮಗೆ ಒಪ್ಪುವ ಕೆಲಸವೆಂದು ಈ ಬರಹ.

ಆ ಕಾಲದಲ್ಲಿ ಧಾರವಾಡವೂ ಪುಣೆಯೂ ಒಂದೇ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಧಾರವಾಡದಲ್ಲಿ ಕರ್ನಾಟಕ ಕಾಲೇಜು ಪ್ರಾರಂಭವಾದದ್ದು 1917ರಲ್ಲಿ. ಅದಕ್ಕೂ ಮೊದಲು ಉತ್ತರ ಕರ್ನಾಟಕದ ಹುಡುಗ ಮೆಟ್ರಿಕ್ ಮುಗಿಸಿ ಮುಂದೆ ಓದಬೇಕೆಂದರೆ ಬುತ್ತಿ ಕಟ್ಟಿಕೊಂಡು ರೈಲು ಹತ್ತಿ ಪುಣೆಗೋ ಮುಂಬಯಿಗೋ ಹೋಗಬೇಕಿತ್ತು. ಕರ್ನಾಟಕದ ಏಕೀಕರಣಕ್ಕಾಗಿ ಜೀವ ತೇದ ಆಲೂರ ವೆಂಕಟರಾಯರು ಓದಿದ್ದು ಇಲ್ಲಿಯ ಫರ್ಗ್ಯೂಸನ್ ಕಾಲೇಜಿನಲ್ಲಿ. ದತ್ತಾತ್ರೇಯ ರಾಮಚಂದ್ರ ಬೇಂದ್ರೆಯವರು 1918ರಲ್ಲಿ ಬಿ.ಎ. ಆದದ್ದೂ ಪುಣೆಯಲ್ಲಿ ಓದಿ. ಬೇಂದ್ರೆಯವರ ಮನೆಮಾತು ಮರಾಠಿ. ಮರಾಠಿಯ ತವರಿನಂತಿದ್ದ ಊರಿನಲ್ಲಿ ಕೆಲವು ವರ್ಷ ಕಳೆದೂ ಆ ತರುಣ ಧಾರವಾಡಕ್ಕೆ ಮರಳಿ ಕನ್ನಡದ ಕವಿಯಾದರು. ತಮ್ಮ ಭಾಷೆಯ ಬೆಲೆ ಪರಭಾಷೆಯ ವೈಭವದ ನಡುವೆ ನಿಂತಾಗಲೇ ಹೆಚ್ಚು ತಿಳಿಯುತ್ತದೆ ಎಂಬುದನ್ನು ಪುಣೆಯಲ್ಲಿ ಬಾಳು ಕಟ್ಟಿಕೊಂಡ ನಮಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಬೇಂದ್ರೆಯವರು ಪುಣೆಯ ಓದು ಮುಗಿಸಿದ ಆ ಹೊತ್ತು ಮರಾಠಿ ಕಾವ್ಯಕ್ಕೆ ಕಷ್ಟದ ಹೊತ್ತಾಗಿತ್ತು. ಹೊಸಗಾವ್ಯದ ಪ್ರವರ್ತಕರಾದ ಕೇಶವಸುತರು 1905ರಲ್ಲಿಯೇ ತೀರಿಕೊಂಡಿದ್ದರು. ನಿಸರ್ಗದ ಕವಿ ಬಾಲಕವಿ ಠೋಮರೆ 1918ರಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ಗೋವಿಂದಾಗ್ರಜರೆಂಬ ಹೆಸರಿನಿಂದ ಕವಿತೆ ಬರೆದ ರಾಮ ಗಣೇಶ ಗಡಕರಿ 1919ರ ಪ್ರಾರಂಭದಲ್ಲಿ ಹೋದರು. 1920ರಲ್ಲಿ ಲೋಕಮಾನ್ಯರು ಕಣ್ಮರೆಯಾದ ಮೇಲೆ ಊರಿಗೆ ಊರೇ ಹಿರಿಯನಿಲ್ಲದ ಮನೆಯಂತಾಯಿತು. ಕಾವ್ಯದಲ್ಲಿ ದೊಡ್ಡವರೊಬ್ಬರ ನೆರಳು ಇಲ್ಲದಾಗ ಸಣ್ಣವರೆಲ್ಲ ಕೈಕೈ ಹಿಡಿದು ನಿಲ್ಲಬೇಕಾಗುತ್ತದೆ. ರವಿಕಿರಣ ಮಂಡಳ ಹುಟ್ಟಿದ್ದು ಅಂಥ ಹೊತ್ತಿನಲ್ಲಿ.

ಮಂಡಳದ ಹುಟ್ಟಿನಲ್ಲಿ ಆಡಂಬರವಿರಲಿಲ್ಲ. ಕವಿತೆಯ ಗೀಳು ಹಿಡಿದ ಕೆಲವು ತರುಣರು ರವಿವಾರಕ್ಕೊಮ್ಮೆ ಕೂಡುತ್ತಿದ್ದರು, ಚಹ ಕುಡಿಯುತ್ತಿದ್ದರು, ಬರೆದದ್ದನ್ನು ಓದುತ್ತಿದ್ದರು. ರವಿವಾರ ಮತ್ತು ಚಹ ಎರಡನ್ನೂ ಕೂಡಿಸಿ ತಮ್ಮ ಕೂಟಕ್ಕೆ ವಿನೋದದಿಂದ ‘ಸನ್-ಟೀ ಕ್ಲಬ್’ ಎಂದು ಕರೆದುಕೊಂಡರು. ಆ ರವಿಯೇ ಮುಂದೆ ರವಿಕಿರಣದ ರವಿಯಾದ. ಸದಸ್ಯರಲ್ಲಿ ಮುಖ್ಯರು ಮಾಧವ ಜೂಲಿಯನ್ ಎಂಬ ಹೆಸರಿನ ಮಾಧವ ತ್ರ್ಯಂಬಕ ಪಟವರ್ಧನ, ‘ಗಿರೀಶ’ರೆಂಬ ಶಂಕರ ಕೇಶವ ಕಾನೇಟಕರ, ಯಶವಂತ ದಿನಕರ ಪೆಂಢರಕರ, ವಿ. ದ. ಘಾಟೆ, ಶ್ರೀಧರ ಬಾಳಕೃಷ್ಣ ರಾನಡೆ, ಅವರ ಪತ್ನಿ ಮನೋರಮಾಬಾಯಿ ರಾನಡೆ, ‘ದಿವಾಕರ’ರೆಂಬ ಶಂಕರ ಕಾಶಿನಾಥ ಗರ್ಗೆ. ಗ. ತ್ರ್ಯಂ. ಮಾಡಖೋಲಕರರೂ ಮೊದಲಲ್ಲಿ ಈ ಬಳಗದಲ್ಲಿದ್ದರು. ಜನ ಇವರನ್ನು ಸಪ್ತರ್ಷಿಗಳೆಂದರು. ಸಪ್ತರ್ಷಿಗಳ ಜೊತೆಗೆ ಅರುಂಧತಿ ಇರಬೇಕಲ್ಲ, ಮನೋರಮಾಬಾಯಿಯವರು ಆ ಅರುಂಧತಿಯಾದರು.

ಇವರೆಲ್ಲ ಒಂದೇ ಅಚ್ಚಿನವರಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಮಾಧವ ಜೂಲಿಯನ್ ಫರ್ಗ್ಯೂಸನ್ ಕಾಲೇಜಿನಲ್ಲಿ ಫಾರಸಿ ಕಲಿಸುತ್ತಿದ್ದ ವಿದ್ವಾಂಸರು. ಫಾರಸಿ-ಮರಾಠಿ ಕೋಶವನ್ನು ಕಟ್ಟಿದವರು, ಗಝಲನ್ನೂ ರುಬಾಯಿಯನ್ನೂ ಮರಾಠಿಯ ಅಂಗಳಕ್ಕೆ ಕರೆತಂದವರು, ಛಂದಸ್ಸಿನ ಮೇಲೆ ಬರೆದ ಗ್ರಂಥಕ್ಕಾಗಿ ಮುಂಬಯಿ ವಿಶ್ವವಿದ್ಯಾಲಯದ ಡಿ.ಲಿಟ್. ಪಡೆದವರು. ಯಶವಂತರದು ತಾಯಿಯನ್ನು ನೆನೆದು ಹಾಡುವ ಕರುಳು; ಮುಂದೆ ಬಡೋದೆಯ ಸಂಸ್ಥಾನ ಅವರನ್ನು ರಾಜಕವಿಯಾಗಿ ಮನ್ನಿಸಿತು. ಗಿರೀಶರು ಕಥನಕಾವ್ಯ ಬರೆದರು. ನಾಟಕಕಾರ ವಸಂತ ಕಾನೇಟಕರರು ಅವರ ಮಗ. ದಿವಾಕರರು ಶಾಲೆಯ ಮಾಸ್ತರರು. ಒಬ್ಬನೇ ಮನುಷ್ಯ ಮಾತಾಡುತ್ತ ಹೋದಂತೆ ಅವನ ಹುಳುಕೆಲ್ಲ ತಾನಾಗಿ ಹೊರಬೀಳುವ ‘ನಾಟ್ಯಛಟಾ’ ಎಂಬ ಪುಟ್ಟ ಗದ್ಯರೂಪವನ್ನು ಮರಾಠಿಗೆ ಕೊಟ್ಟವರು ಅವರೇ. ಕವಿಗಳ ನಡುವೆ ಒಬ್ಬ ಗದ್ಯದವನು, ಗಂಡಸರ ನಡುವೆ ಒಬ್ಬ ಹೆಣ್ಣುಮಗಳು, ಸಾಮಾನ್ಯ ಮನೆತನದವರ ನಡುವೆ ಒಬ್ಬ ಫಾರಸಿ ಪಂಡಿತ. ಒಬ್ಬರ ಕೊರತೆ ಇನ್ನೊಬ್ಬರಿಗೆ ಕಾಣುವಂಥ ಕೂಟ ಇದು.

ಓದುವುದಷ್ಟೇ ಆಗಿದ್ದರೆ ಚಹದ ಬಟ್ಟಲಿನ ಜೊತೆಗೆ ಎಲ್ಲವೂ ಆರಿ ಹೋಗುತ್ತಿತ್ತು. ಇವರು ಒಂದು ಹೆಜ್ಜೆ ಮುಂದೆ ಇಟ್ಟರು. 1923ರಲ್ಲಿ ಸದಸ್ಯರ ಕವಿತೆಗಳನ್ನು ಕೂಡಿಸಿ ‘ಕಿರಣ’ ಎಂಬ ಸಂಕಲನ ತಂದರು. ಮರುವರ್ಷ ‘ಉಷಾ’ ಬಂತು. ಆಮೇಲೆ ಒಬ್ಬೊಬ್ಬರ ಪುಸ್ತಕಗಳು ಮಂಡಳದ ಹೆಸರಿನಲ್ಲಿ ಹೊರಬರತೊಡಗಿದವು. ಪ್ರಕಾಶಕರ ಬಾಗಿಲು ಕಾಯುವ ಬದಲು ತಾವೇ ಪ್ರಕಾಶಕರಾದದ್ದು ಇವರ ಮೊದಲನೆಯ ಜಾಣತನ. ಎರಡನೆಯದು ಕಾವ್ಯಗಾಯನ. ಸಭೆಗಳಲ್ಲಿ, ಶಾಲೆ ಕಾಲೇಜುಗಳಲ್ಲಿ ಇವರು ತಮ್ಮ ಕವಿತೆಗಳನ್ನು ತಾವೇ ರಾಗವಾಗಿ ಹಾಡಿದರು. ಪುಸ್ತಕ ಕೊಳ್ಳದ ಜನರೂ ಕವಿತೆ ಕೇಳಲು ಬಂದರು. ಮಧ್ಯಮ ವರ್ಗದ ಮನೆಗಳಲ್ಲಿ ಹೊಸ ಕವಿತೆ ಬಾಯಿಪಾಠವಾಯಿತು.

ಹೆಸರು ಬಂದಲ್ಲಿ ನಗೆಯೂ ಬರುತ್ತದೆ. 1925ರಲ್ಲಿ ಪ್ರಹ್ಲಾದ ಕೇಶವ ಅತ್ರೆಯವರು ‘ಕೇಶವಕುಮಾರ’ ಎಂಬ ಹೆಸರಿನಿಂದ ‘ಝೆಂಡೂಚೀ ಫುಲೆ’ ಎಂಬ ಅಣಕು ಕವಿತೆಗಳ ಪುಸ್ತಕ ಪ್ರಕಟಿಸಿದರು. ಹೆಸರೇ ಹೇಳುವಂತೆ ಅವು ಚೆಂಡುಹೂಗಳು, ವಾಸನೆಯ ಗುಲಾಬಿಗಳಲ್ಲ. ರವಿಕಿರಣದವರ ಪ್ರೇಮದ ಹಳಹಳಿ, ಅವರ ಫಾರಸಿ ಪದಗಳ ಮೋಹ, ಹಾಡುವ ಚಟ ಎಲ್ಲಕ್ಕೂ ಅತ್ರೆ ಕೈ ಹಾಕಿದರು. ಇಡೀ ಮಹಾರಾಷ್ಟ್ರ ಬಿದ್ದು ಬಿದ್ದು ನಕ್ಕಿತು. ಆ ನಗೆಯಲ್ಲಿ ನ್ಯಾಯವೂ ಇತ್ತೆಂದು ನಮಗೆ ತೋರುತ್ತದೆ. ಇಂಪಾದ ಕಂಠ ಸೊಟ್ಟ ಸಾಲನ್ನು ಮುಚ್ಚಿಬಿಡುತ್ತದೆ. ಗೆಳೆಯರ ಚಪ್ಪಾಳೆ ಕಿವಿಗೆ ತುಂಬಿದರೆ ಹೊರಗಿನ ಮಾತು ಕೇಳಿಸದು. ಒಳಗಿನವರು ಹೇಳದೆ ಬಿಟ್ಟದ್ದನ್ನು ಹೊರಗಿನವನೊಬ್ಬ ಗಟ್ಟಿಯಾಗಿ ಹೇಳಿದ. ಹಾಗೆಂದು ಮಂಡಳ ಮುರಿದು ಬೀಳಲಿಲ್ಲ. ಅಣಕಿಸಿಕೊಳ್ಳುವಷ್ಟು ಪರಿಚಿತವಾಗುವುದೂ ಒಂದು ಯೋಗ್ಯತೆಯೇ.

ಇನ್ನು ಧಾರವಾಡದ ಕಡೆ ನೋಡೋಣ. ಗೆಳೆಯರ ಗುಂಪು ಒಂದು ವರ್ಷ ಮೊದಲೇ ಹುಟ್ಟಿದ್ದರಿಂದ ಅದನ್ನು ಪುಣೆಯ ನಕಲು ಎನ್ನುವಂತಿಲ್ಲ. ಕಾಲ ಒಂದೇ ಆದ್ದರಿಂದ ಎರಡೂ ಊರುಗಳಲ್ಲಿ ಒಂದೇ ಬಗೆಯ ಹಸಿವು ಎದ್ದಿತ್ತು. ಬೇಂದ್ರೆಯವರ ಸುತ್ತ ಬೆಟಗೇರಿ ಕೃಷ್ಣಶರ್ಮ, ಶಂ. ಬಾ. ಜೋಶಿ, ವಿನಾಯಕ ಕೃಷ್ಣ ಗೋಕಾಕ, ರಂ. ಶ್ರೀ. ಮುಗಳಿ, ಎನ್ಕೆ ಮೊದಲಾದವರು ಸೇರಿದರು. ಇಲ್ಲಿಯೂ ವಿವಿಧ ಕಸುಬಿನವರು: ಜಾನಪದದ ಜಾಡು ಹಿಡಿದ ಕೃಷ್ಣಶರ್ಮರು, ಕನ್ನಡದ ನೆಲೆಯನ್ನು ಸ್ಥಳನಾಮಗಳಲ್ಲಿ ಹುಡುಕಿದ ಶಂಬಾ, ಇಂಗ್ಲಿಷ್ ಸಾಹಿತ್ಯದ ಗೋಕಾಕರು, ಕನ್ನಡ ಸಾಹಿತ್ಯ ಚರಿತ್ರೆ ಬರೆದ ಮುಗಳಿಯವರು. ಗೋಕಾಕರು 1930ರ ದಶಕದ ಮೊದಲ ವರ್ಷಗಳಲ್ಲಿ ನಮ್ಮ ಫರ್ಗ್ಯೂಸನ್ ಕಾಲೇಜಿನಲ್ಲಿಯೇ ಇಂಗ್ಲಿಷ್ ಕಲಿಸಿದರೆಂಬುದು ಪುಣೆಗೂ ಗುಂಪಿಗೂ ಇರುವ ಇನ್ನೊಂದು ಎಳೆ.

ಆದರೆ ಎರಡು ಬಳಗಗಳ ಹೊಣೆ ಒಂದೇ ಆಗಿರಲಿಲ್ಲ. ಪುಣೆಯಲ್ಲಿ ಮರಾಠಿಗೆ ಓದುಗರಿದ್ದರು, ಪತ್ರಿಕೆಗಳಿದ್ದವು, ರಂಗಭೂಮಿ ಇತ್ತು. ಕವಿಗಳು ಕವಿಗಳಾಗಿದ್ದರೆ ಸಾಕಿತ್ತು. ಧಾರವಾಡದಲ್ಲಿ ಕವಿತೆ ಬರೆಯುವವನು ಕವಿತೆ ಓದುವವನನ್ನೂ ತಯಾರಿಸಬೇಕಿತ್ತು. ಕೋರ್ಟು ಕಚೇರಿ ಶಾಲೆಗಳಲ್ಲಿ ಮರಾಠಿ ಇಂಗ್ಲಿಷುಗಳ ಭಾರದಡಿ ಕನ್ನಡ ನಲುಗಿದ್ದ ಸೀಮೆ ಅದು. ಆದ್ದರಿಂದಲೇ ಗುಂಪಿನವರು ಪತ್ರಿಕೆ ನಡೆಸಿದರು, ಆಲೂರರು ತೆಗೆದ ‘ಜಯಕರ್ನಾಟಕ’ಕ್ಕೆ ಹೆಗಲು ಕೊಟ್ಟರು, 1926ರಲ್ಲಿ ದಸರೆಯ ಹೊತ್ತಿಗೆ ನಾಡಹಬ್ಬವನ್ನು ಪ್ರಾರಂಭಿಸಿದರು. ಕವಿತೆ ಓದುವ ಗೆಳೆತನ ನಾಡು ಕಟ್ಟುವ ಗೆಳೆತನವಾಯಿತು. ಅದರ ಬೆಲೆಯನ್ನೂ ತೆತ್ತರು. 1932ರಲ್ಲಿ ಬೇಂದ್ರೆಯವರ ‘ಗರಿ’ ಪ್ರಕಟವಾದಾಗ ಅದರಲ್ಲಿದ್ದ ‘ನರಬಲಿ’ ಎಂಬ ಕವಿತೆಗಾಗಿ ಸರಕಾರ ಅವರನ್ನು ಸೆರೆಗೆ ಕಳಿಸಿತು. ಹಿಂಡಲಗಿಯ ಜೈಲಾದ ಮೇಲೆ ಮುಗದ ಊರಿನಲ್ಲಿ ನಿರ್ಬಂಧ.

ಗುಂಪಿನ ಹುಮ್ಮಸ್ಸು ಹಳ್ಳಿಗೂ ಹಬ್ಬಿತ್ತು. ವಿಜಾಪುರ ಜಿಲ್ಲೆಯ ಹಲಸಂಗಿಯಲ್ಲಿ ಮಧುರಚೆನ್ನರು, ಸಿಂಪಿ ಲಿಂಗಣ್ಣನವರು ಮತ್ತು ಅವರ ಗೆಳೆಯರು ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ಹೊರತಂದರು. ಪುಣೆಯ ಮಂಡಳದಲ್ಲಿ ಮನೋರಮಾಬಾಯಿಯವರೊಬ್ಬರೇ ಸ್ತ್ರೀ ಸದಸ್ಯೆ. ನಮ್ಮ ಕಡೆಯ ಗುಂಪಿನೊಳಗೆ ಅಷ್ಟೂ ಇರಲಿಲ್ಲ. ಹೆಣ್ಣಿನ ದನಿ ಕನ್ನಡದ ಆ ಕೂಟಗಳಿಗೆ ಬಂದದ್ದು ಹೀಗೆ, ಹೆಸರಿಲ್ಲದ ಗರತಿಯರ ಬಾಯಿಂದ. ಇದು ಹೆಮ್ಮೆಯ ಮಾತೂ ಹೌದು, ಯೋಚಿಸಬೇಕಾದ ಮಾತೂ ಹೌದು.

ಇಂಥ ಬಳಗಗಳಿಗೆ ದೀರ್ಘಾಯುಷ್ಯವಿರುವುದಿಲ್ಲ. ಮನೋರಮಾಬಾಯಿಯವರು 1926ರಲ್ಲಿ ತೀರಿಕೊಂಡರು, ದಿವಾಕರರು 1931ರಲ್ಲಿ. ಮಾಧವ ಜೂಲಿಯನ್ನರು ಕೊಲ್ಲಾಪುರಕ್ಕೆ ಹೋದರು; 1939ರಲ್ಲಿ ಅವರೂ ಇಲ್ಲವಾದರು. ಮಾಡಖೋಲಕರರು ಎಂದೋ ನಾಗಪುರದ ಪತ್ರಿಕೋದ್ಯಮದ ಹಾದಿ ಹಿಡಿದಿದ್ದರು. ಧಾರವಾಡದಲ್ಲಿಯೂ ಉದ್ಯೋಗ, ಸಂಸಾರ, ಸೆರೆಮನೆಗಳು ಗೆಳೆಯರನ್ನು ಚದುರಿಸಿದವು. ಆದರೆ ಚದುರುವ ಹೊತ್ತಿಗೆ ಧಾರವಾಡದ ನೆಲದಲ್ಲಿ ಬೀಜ ಬಿದ್ದಿತ್ತು. 1933ರಲ್ಲಿ ಜಿ. ಬಿ. ಜೋಶಿಯವರು ಮನೋಹರ ಗ್ರಂಥಮಾಲೆಯನ್ನು ಪ್ರಾರಂಭಿಸಿದರು. ಸುಭಾಷ ರಸ್ತೆಯ ಅದರ ಅಟ್ಟದ ಮೇಲೆ ಮುಂದಿನ ತಲೆಮಾರಿನವರು, ಕೀರ್ತಿನಾಥ ಕುರ್ತಕೋಟಿ, ಗಿರೀಶ ಕಾರ್ನಾಡ ಮೊದಲಾದವರು, ಕೂತು ಹರಟೆ ಹೊಡೆದರು, ಜಗಳಾಡಿದರು. ಕಾರ್ನಾಡರ ‘ಯಯಾತಿ’ 1961ರಲ್ಲಿ ಅಚ್ಚಾದದ್ದು ಆ ಗ್ರಂಥಮಾಲೆಯಿಂದಲೇ. ಗೆಳೆಯರು ಹೋದರೂ ಗೆಳೆತನ ಕೂಡುವ ಜಾಗ ಉಳಿಯಿತು.

ಬೆಳಗಾವಿಯ ಎರಡು ಸಮ್ಮೇಳನಗಳನ್ನೂ ಇಲ್ಲಿ ನೆನೆಯಬೇಕು. 1929ರಲ್ಲಿ ಮಾಸ್ತಿಯವರ ಅಧ್ಯಕ್ಷತೆಯಲ್ಲಿ ಅಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಬೇಂದ್ರೆಯವರು ‘ಹಕ್ಕಿ ಹಾರುತಿದೆ ನೋಡಿದಿರಾ’ ಓದಿ ಸಭೆಯನ್ನು ಗೆದ್ದರು. 1946ರಲ್ಲಿ ಅದೇ ಊರಿನಲ್ಲಿ ಮರಾಠಿ ಸಾಹಿತ್ಯ ಸಮ್ಮೇಳನ ನಡೆಯಿತು. ಅಧ್ಯಕ್ಷರು ರವಿಕಿರಣ ಮಂಡಳದ ಹಳೆಯ ಸದಸ್ಯ ಮಾಡಖೋಲಕರರು. ಸಂಯುಕ್ತ ಮಹಾರಾಷ್ಟ್ರದ ಬೇಡಿಕೆ ಅಲ್ಲಿ ಗಟ್ಟಿಯಾಗಿ ಕೇಳಿಬಂತು. ಒಂದೇ ಊರು, ಎರಡು ಹಂಬಲ. ಗಡಿಯ ಜಗಳ ಇಂದಿಗೂ ಆರಿಲ್ಲ. ಆದರೆ ಆ ಎರಡು ಬಳಗಗಳ ಬೆಳವಣಿಗೆ ನೋಡಿದರೆ ಜಗಳಕ್ಕಿಂತ ಹಳೆಯದಾದ ಹೋಲಿಕೆಯೊಂದು ಕಾಣುತ್ತದೆ. ಬೇಂದ್ರೆಯವರು ಮರಾಠಿಯಲ್ಲಿಯೂ ಬರೆದರು, ಸೊಲ್ಲಾಪುರದ ಕಾಲೇಜಿನಲ್ಲಿ 1944ರಿಂದ 1956ರವರೆಗೆ ಕನ್ನಡ ಕಲಿಸಿದರು. ಎರಡೂ ಭಾಷೆಗಳನ್ನು ಬಲ್ಲವನಿಗೆ ಒಂದನ್ನು ಪ್ರೀತಿಸಲು ಇನ್ನೊಂದನ್ನು ದ್ವೇಷಿಸಬೇಕಾಗಿ ಬರಲಿಲ್ಲ.

ಇಷ್ಟೆಲ್ಲ ಹಳೆಯ ಮಾತು ಏಕೆಂದು ವಾಚಕರು ಕೇಳಬಹುದು. ನಮ್ಮ ನಡುವೆಯೂ ಬರೆಯುವವರಿದ್ದಾರೆ. ಬ್ಯಾಂಕಿನ ಕೆಲಸ, ಕಾರಖಾನೆಯ ಪಾಳಿ, ಮನೆವಾರ್ತೆ ಇವುಗಳ ನಡುವೆ ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ಗುಟ್ಟಾಗಿ ನಾಲ್ಕು ಸಾಲು ಬರೆದಿಡುವವರು. ಹೊರನಾಡಿನಲ್ಲಿ ಹಾಗೆ ಬರೆದದ್ದು ಓದುವವರಿಲ್ಲದೆ ಟ್ರಂಕಿನಲ್ಲಿ ಉಳಿದು, ಒಂದು ತಲೆಮಾರಿನ ನಂತರ ಮಕ್ಕಳಿಗೆ ಓದಲೂ ಬಾರದ ಕಾಗದವಾಗುತ್ತದೆ. ಈ ನಷ್ಟ ಕಣ್ಣಿಗೆ ಕಾಣುವುದಿಲ್ಲ, ಆದ್ದರಿಂದಲೇ ದೊಡ್ಡದು. ಅದನ್ನು ತಡೆಯಲು ಭವನ ಬೇಕಿಲ್ಲ, ದೇಣಿಗೆ ಬೇಕಿಲ್ಲ. ಆ ಎರಡು ಬಳಗಗಳು ತೋರಿಸಿದ್ದು ಇಷ್ಟೇ: ತಪ್ಪದ ಒಂದು ದಿನವಿರಲಿ, ಬೇರೆ ಬೇರೆ ಕಸುಬಿನ, ಬೇರೆ ಬೇರೆ ವಯಸ್ಸಿನ ಏಳೆಂಟು ಜನರಿರಲಿ, ಅವರಲ್ಲಿ ಹೆಣ್ಣುಮಕ್ಕಳು ಒಬ್ಬರೇ ಆಗದಿರಲಿ, ‘ಚೆನ್ನಾಗಿದೆ’ ಎಂಬ ಮಾತು ಹೇಳಿ ಮುಗಿಸದೆ ಯಾವ ಸಾಲು ಕುಂಟುತ್ತದೆಂದು ಹೇಳುವ ಧೈರ್ಯವಿರಲಿ, ಅತ್ರೆಯಂಥವನಿಗೆ ಆ ಕೆಲಸ ಬಿಡುವುದು ಬೇಡ, ವರ್ಷದ ಕೊನೆಗೆ ತೆಳ್ಳಗಿನದಾದರೂ ಒಂದು ಪುಸ್ತಕ ಬರಲಿ.

ರವಿವಾರ ಪುಣೆಯಲ್ಲಿ ಈಗಲೂ ವಾರಕ್ಕೊಮ್ಮೆ ಬರುತ್ತದೆ. ಚಹವಂತೂ ಈ ಊರಿನಲ್ಲಿ ಹೆಜ್ಜೆಗೊಂದು ಕಡೆ ಸಿಗುತ್ತದೆ. ಉಳಿದದ್ದು ಓದುವವರೂ ಕೇಳುವವರೂ ಕೂಡುವುದು.