ದಾರಿಯಲ್ಲಿ ಸಿಕ್ಕ ಕತೆಗಳು: ಹಳಗನ್ನಡದಲ್ಲಿ ಉಪಕಥೆಯ ಕೆಲಸ

ಹಳಗನ್ನಡ ಕಥಾಸಾಹಿತ್ಯದ ಉಪಕಥೆಗಳನ್ನು ನಾವು ಸಾಮಾನ್ಯವಾಗಿ ನೀತಿಗೆ ಕೊಟ್ಟ ದೃಷ್ಟಾಂತವೆಂದೋ ಕತೆಯನ್ನು ಹಿಗ್ಗಿಸುವ ಉಪಾಯವೆಂದೋ ಹೇಳಿ ಮುಂದೆ ಸಾಗುತ್ತೇವೆ. ಆ ವಿವರಣೆ ಸಾಲದು ಎನ್ನಲು ‘ವಡ್ಡಾರಾಧನೆ’ಯ ಮೊದಲ ಕತೆಯೇ ಸಾಕ್ಷಿ.

10ನೆಯ ಶತಮಾನದ್ದೆಂದು ಎಣಿಸಲಾಗುವ ಈ ಗದ್ಯಕೃತಿಯಲ್ಲಿ 19 ಕತೆಗಳಿವೆ, ಮೊದಲನೆಯದು ಸುಕುಮಾರಸ್ವಾಮಿಯದು. ಅದರ ನಡುವೆ ನಾಗಶ್ರೀ ಎಂಬ ಬ್ರಾಹ್ಮಣ ಹುಡುಗಿ ಜೈನಮುನಿಯಿಂದ ಐದು ವ್ರತ ಪಡೆದು ಮನೆಗೆ ಬರುತ್ತಾಳೆ. ತಂದೆಗೆ ಸಿಟ್ಟು. ಒಲ್ಲದ ಸರಕನ್ನು ಅಂಗಡಿಗೆ ಮರಳಿಸಲು ಹೊರಟವನಂತೆ, ಕೊಟ್ಟವರಿಗೇ ವ್ರತ ಒಪ್ಪಿಸಿಬರಲು ಮಗಳನ್ನು ಕರೆದುಕೊಂಡು ಹೊರಡುತ್ತಾನೆ. ದಾರಿಯಲ್ಲಿ ಶಿಕ್ಷೆಗೊಳಗಾದ ಅಪರಾಧಿಗಳು ಒಬ್ಬರಾದ ಮೇಲೊಬ್ಬರು ಎದುರಾಗುತ್ತಾರೆ: ಕೊಂದವನು, ಸುಳ್ಳಾಡಿದವನು, ಕದ್ದವನು. ಇವನು ಮಾಡಿದ್ದೇನು ಎಂದು ಮಗಳು ವಿಚಾರಿಸುತ್ತಾಳೆ. ಅವನ ಕತೆ ಹೊರಬರುತ್ತದೆ. ಈ ತಪ್ಪು ಮಾಡುವುದಿಲ್ಲವೆಂದೇ ತಾನು ವ್ರತ ತೊಟ್ಟದ್ದಲ್ಲವೇ ಎಂಬುದು ಅವಳ ಪ್ರಶ್ನೆ. ಹಾಗಾದರೆ ಅದೊಂದು ಇರಲಿ, ಉಳಿದವನ್ನು ಕೊಟ್ಟುಬರೋಣ ಎನ್ನುತ್ತಾನೆ ತಂದೆ. ಮುನಿಯ ಬಳಿ ಸೇರುವ ಹೊತ್ತಿಗೆ ಮರಳಿಸಲು ಒಂದು ವ್ರತವೂ ಉಳಿದಿರುವುದಿಲ್ಲ.

ಇಲ್ಲಿ ಮುನಿಯ ವಾದವೇ ಇಲ್ಲ. ತಂದೆಯ ಮನಸ್ಸನ್ನು ಒಂದೊಂದೇ ಹೆಜ್ಜೆಗೆ ತಿರುಗಿಸುವುದು ನಿರೂಪಣೆಯ ಕ್ರಮ. ಐದು ಕತೆಗಳನ್ನೂ ಮನೆಯ ಜಗುಲಿಯಲ್ಲೇ ಒಟ್ಟಿಗೆ ಹೇಳಿದ್ದರೆ ಅವನು ಎದ್ದು ಹೋಗುತ್ತಿದ್ದನೇನೋ! ಸೋತದ್ದನ್ನೂ ಅವನು ತನ್ನ ಬಾಯಿಂದಲೇ ಕಂತುಕಂತಾಗಿ ಒಪ್ಪುತ್ತಾನೆ. ಈ ಹಾಸ್ಯ ಬರಿಯ ಧರ್ಮೋಪದೇಶಕನಿಗೆ ದಕ್ಕುವಂಥದ್ದಲ್ಲ.

ಸುಮಾರು 1031ರಲ್ಲಿ ಚಾಳುಕ್ಯ ಜಯಸಿಂಹನ ಸಂಧಿವಿಗ್ರಹಿ ದುರ್ಗಸಿಂಹ ರಚಿಸಿದ ‘ಪಂಚತಂತ್ರ’ದಲ್ಲಿ ಇದೇ ಉಪಕರಣ ಬೇರೆ ಕೈಗೆ ಹೋಗಿದೆ. ವಿಷ್ಣುಶರ್ಮನದಲ್ಲ, ವಸುಭಾಗಭಟ್ಟನ ಪಾಠ ಅವನಿಗೆ ಆಧಾರ. ಅದರ ಮೊದಲ ತಂತ್ರದ ಹೆಸರೇ ಭೇದ. ಸಿಂಹ ಪಿಂಗಳಕ, ಎತ್ತು ಸಂಜೀವಕರ ಗೆಳೆತನ ಒಡೆಯಲು ನರಿಯೊಂದು ಕತೆಗಳನ್ನೇ ಬಳಸುತ್ತದೆ. ತಡೆಯಬೇಕೆನ್ನುವ ಅದರ ಜೊತೆಗಾರ ನರಿ ಕರಟಕನ ಬಳಿಯೂ ಇರುವುದು ಕತೆಗಳೇ. ಎರಡೂ ಕಡೆ ಕತೆಯೇ ಸಾಕ್ಷಿ ನುಡಿಯುತ್ತದೆ, ಕೊನೆಗೆ ಎತ್ತು ಸಾಯುತ್ತದೆ. ಯುದ್ಧ ಮತ್ತು ಸಂಧಿಗಳ ಹೊಣೆ ಹೊತ್ತ ಅಧಿಕಾರಿಗೆ ಆಸ್ಥಾನದ ಈ ಮಾತುಗಾರಿಕೆ ಹೊಸದಾಗಿರಲಿಕ್ಕಿಲ್ಲ.

ವಡ್ಡಾರಾಧನೆಯಲ್ಲೂ ಒಂದು ನರಿಯಿದೆ, ಅದು ಮಾತಾಡುವುದಿಲ್ಲ. ನಾಗಶ್ರೀಯ ಜೀವವೇ ಮುಂದೆ ಸುಕುಮಾರನಾಗಿ ಹುಟ್ಟಿ ತಪಸ್ಸಿಗೆ ನಿಂತಾಗ, ಆ ನರಿ ಮರಿಗಳೊಡನೆ ಬಂದು ಅವನನ್ನು ತಿನ್ನುತ್ತದೆ. ಹಿಂದೊಂದು ಜನ್ಮದಲ್ಲಿ ಅವನು ವಾಯುಭೂತಿಯಾಗಿದ್ದಾಗ ಅತ್ತಿಗೆಯನ್ನು ಒದ್ದಿದ್ದ. ಆ ಕಾಲನ್ನು ತಿನ್ನುವೆನೆಂದು ನಿಶ್ಚಯಿಸಿದ್ದ ಆಕೆಯೇ ಈ ನರಿ. ಅಷ್ಟು ಭವಗಳ ಕತೆ ಕೇಳದೆ ಆ ಕಾಡಿಗೆ ಬಂದವನಿಗೆ ಕಾಣುವುದು ಹಸಿದ ಒಂದು ನರಿ ಮಾತ್ರ.